ಮೋಟಾರು ಏಕೆ ಗುಂಯ್‌ಗುಡುತ್ತದೆ?

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ನಾವು ಸಂಬಳ, ರಜೆ, ಬೋನಸ್ಸುಗಳ ಮಾತಾಡುವುದು ರೂಢಿ. ಇಂದು ಮೋಟಾರಿನ ಸದ್ದಿನ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ. ಏಳನೇ ಇಯತ್ತೆ ಓದಿದವರಿಗೆ ಇದೆಲ್ಲ ಏಕೆಂದು ಕೆಲವರು ನಗಬಹುದು, ನಗಲಿ.

ನಾವು ದುಡಿದ ಹೋಟೆಲೊಂದರಲ್ಲಿ ಹಿಟ್ಟು ರುಬ್ಬುವ ಗ್ರೈಂಡರಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಅದು ಶುರುವಾದರೆ ಹಲಗೆಯ ಮೇಲಿನ ಪಾತ್ರೆಗಳೆಲ್ಲ ನಡುಗುತ್ತಿದ್ದವು. ಮಾಲೀಕರಿಗೆ ಹೇಳಿದರೆ, "ಯಂತ್ರ ಎಂದ ಮೇಲೆ ಸದ್ದು ಇದ್ದದ್ದೇ ಮಾರಾಯ" ಎಂಬ ಉತ್ತರ. ನಾವೂ ಒಪ್ಪಿಕೊಂಡು ಅದರ ಕಾಲಿನಡಿ ಗೋಣಿಚೀಲ ಮಡಿಸಿಟ್ಟೆವು. ಅದರ ಪಕ್ಕದಲ್ಲೇ ಆರು ವರ್ಷ ನಿಂತ ನಮ್ಮ ಜೊತೆಗಾರನಿಗೆ ಈಗ ಮಾಣಿ ಕೂಗಿದ ಆರ್ಡರು ಕೇಳುವುದಿಲ್ಲ. ತುಟಿ ನೋಡಿ ತಿಳಿದುಕೊಳ್ಳುತ್ತಾನೆ. ಗ್ರೈಂಡರಿನಿಂದಲೇ ಹೀಗಾಯಿತೆಂದು ಪ್ರಮಾಣ ಮಾಡಲಾರೆವು. ತಲೆಯ ಮೇಲೆ ಎಕ್ಸಾಸ್ಟ್ ಫ್ಯಾನೂ ಇತ್ತು.

ಬಂಧುಗಳೇ, ಆ ಸದ್ದು ಎಲ್ಲಿಂದ ಬರುತ್ತದೆ? ಮೋಟಾರಿನಲ್ಲಿ ಹೊರಗಿನ ಕಬ್ಬಿಣದ ಬಳೆ ನಿಂತಿರುತ್ತದೆ, ಒಳಗಿನ ರೋಟರು ತಿರುಗುತ್ತದೆ. ನಡುವಿನ ಸಂದು ಸಣ್ಣ ಮೋಟಾರುಗಳಲ್ಲಿ ಅರ್ಧ ಮಿಲಿಮೀಟರಿನ ಆಸುಪಾಸು. ಈ ಸಂದಿನ ಆಚೀಚೆ ಕಾಂತದ ಎಳೆತ ನಡೆಯುತ್ತದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತ. ಒಂದೊಂದು ಆವರ್ತದಲ್ಲಿ ಕಾಂತ ಎರಡು ಸಲ ಬಲಿಯುತ್ತದೆ, ಉತ್ತರವಾಗಿ ಒಮ್ಮೆ, ದಕ್ಷಿಣವಾಗಿ ಒಮ್ಮೆ. ಎರಡು ಸಲವೂ ಎಳೆತವೇ. ಹಾಗಾಗಿ ಕಬ್ಬಿಣ ಸೆಕೆಂಡಿಗೆ 100 ಸಲ ಎಳೆಸಿಕೊಳ್ಳುತ್ತದೆ. ಗುಂಯ್ ಎಂಬುದರ ಮೂಲ ಅದು. ಜೊತೆಗೆ ಸವೆದ ಬೇರಿಂಗು, ಫ್ಯಾನಿನ ಗಾಳಿ, ತೂಕ ಸಮವಿಲ್ಲದ ರೋಟರಿನ ಕುಲುಕು. ನಿಮಿಷಕ್ಕೆ 1440 ಸುತ್ತಿನ ಮೋಟಾರಾದರೆ ಆ ಕುಲುಕು ಸೆಕೆಂಡಿಗೆ 24 ಸಲ.

ಇದನ್ನು ಬೇರ್ಪಡಿಸುವ ಉಪಾಯವನ್ನು ವೈಂಡಿಂಗ್ ಮಾಡುವ ಮಿಸ್ತ್ರಿಯೊಬ್ಬರು ನಮಗೆ ಹೇಳಿಕೊಟ್ಟರು. ಓಡುತ್ತಿರುವಾಗ ಸ್ವಿಚ್ಚು ಆರಿಸಿ ಕಿವಿಗೊಡಿ. ಕರೆಂಟು ಹೋದ ಕ್ಷಣವೇ ನಿಂತ ಸದ್ದು ಕಾಂತದ್ದು. ಚಕ್ರದೊಡನೆ ನಿಧಾನವಾಗಿ ಇಳಿಯುವ ಸದ್ದು ಬೇರಿಂಗು, ತೂಕ, ಫ್ಯಾನುಗಳದ್ದು.

ಈಚೆಗೆ ನಮ್ಮ ಸದಸ್ಯರೊಬ್ಬರ ಸೋದರಳಿಯ, ಪುಣೆಯಲ್ಲಿ ಮೋಟಾರಿನ ನಕ್ಷೆ ತಯಾರಿಸುವ ಇಂಜಿನಿಯರು, ತಮ್ಮ ಕಂಪ್ಯೂಟರನ್ನು ನಮ್ಮ ಮುಂದೆ ತೆರೆದರು. ಕಬ್ಬಿಣ ಕತ್ತರಿಸುವ ಮೊದಲೇ ಮೋಟಾರನ್ನು ಲೆಕ್ಕದಲ್ಲಿ ಓಡಿಸಿ ನೋಡುವ ವಿದ್ಯೆ, ಸಿಮ್ಯುಲೇಶನ್ ಎನ್ನುತ್ತಾರೆ. ನಾವು ಈರುಳ್ಳಿ ಹೆಚ್ಚುವಂತೆ ಅವರು ಮೋಟಾರಿನ ಚಿತ್ರವನ್ನು ಸಾವಿರಾರು ಚೂರು ಮಾಡಿ ಲೆಕ್ಕ ಹಾಕುತ್ತಾರೆ. 1960ರಲ್ಲಿ ಈ ಕ್ರಮಕ್ಕೆ ಫೈನೈಟ್ ಎಲಿಮೆಂಟ್ ಎಂಬ ಹೆಸರು ಕೊಟ್ಟವರು ಅಮೆರಿಕದ ರೇ ಕ್ಲಫ್. ಕಾಂತದ ಎಳೆತ ಎಷ್ಟು, ಅದಕ್ಕೆ ಬಳೆ ಎಷ್ಟು ಬಾಗೀತು, ಬಾಗಿದ ಬಳೆ ಗಾಳಿಯನ್ನು ತಳ್ಳಿ ಎಷ್ಟು ಸದ್ದು ಮಾಡೀತು, ಹೀಗೆ ಒಂದರ ಹಿಂದೊಂದು ಲೆಕ್ಕ.

ಪರದೆಯ ಮೇಲೆ ಕಬ್ಬಿಣದ ಬಳೆ ನಾಲ್ಕು ಕಡೆ ಉಬ್ಬಿ ತಗ್ಗುತ್ತಿತ್ತು. ನಾಲ್ಕು ಧ್ರುವದ ಮೋಟಾರಿಗೆ ನಾಲ್ಕು ಉಬ್ಬು. ಎರಡು ಧ್ರುವದ್ದಾದರೆ ಮೊಟ್ಟೆಯಾಕಾರ. ನಾವು ಗಾಬರಿಯಾದೆವು. ಅವರು ನಕ್ಕು, ಕಣ್ಣಿಗೆ ಕಾಣಲೆಂದು ಹಿಗ್ಗಿಸಿದ್ದು, ನಿಜವಾದ ಉಬ್ಬು ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ ಎಂದರು. ಆದರೆ ಪ್ರತಿಯೊಂದು ಬಳೆಗೂ ತನ್ನದೇ ತಾಳವುಂಟು. ಜೋಕಾಲಿಯನ್ನು ಅದರ ತಾಳಕ್ಕೆ ಸರಿಯಾಗಿ ಮಗು ತಳ್ಳಿದರೂ ಅದು ಮೇಲೇರುತ್ತದಲ್ಲ, ಹಾಗೆ ಎಳೆತದ ತಾಳವೂ ಬಳೆಯ ತಾಳವೂ ಕೂಡಿದರೆ ಸದ್ದು ಏರಿಬಿಡುತ್ತದೆ. ತಂತಿ ಕೂರುವ ಖಾನೆಗಳ ಎಣಿಕೆ ಬದಲಿಸಿಯೋ, ರೋಟರಿನ ಖಾನೆಗಳನ್ನು ತುಸು ಓರೆ ಮಾಡಿಯೋ ಇದನ್ನು ತಗ್ಗಿಸಬಹುದಂತೆ.

"ಇಷ್ಟೆಲ್ಲ ಇದ್ದೂ ನಮ್ಮ ಗ್ರೈಂಡರು ಏಕೆ ಹಾಗೆ ಕುಣಿಯಿತು?" ಎಂದು ಕೇಳಿದೆವು. "ಅದು ಯಾವುದರ ಮೇಲೆ ನಿಂತಿತ್ತು?" ಎಂದು ಅವರು ತಿರುಗಿ ಕೇಳಿದರು. ಒಡೆದ ಫರಸಿ, ಒಂದು ಕಾಲಿಗೆ ಮರದ ಚಕ್ಕೆ, ನಾಲ್ಕು ಬೋಲ್ಟುಗಳಲ್ಲಿ ಒಂದಿಲ್ಲ, ಬೇರಿಂಗು ನೀರು ಕುಡಿದು ತುಕ್ಕು. ಲೆಕ್ಕದಲ್ಲಿ ನಾಲ್ಕೂ ಬೋಲ್ಟು ಬಿಗಿಯಾಗಿವೆ ಎಂದು ಹಿಡಿದಿರುತ್ತೇವೆ, ಹೀಗಿದೆಯೆಂದು ಯಾರಾದರೂ ಹೇಳದೆ ಅದಕ್ಕೆ ತಿಳಿಯದು ಎಂದು ಅವರು ನಮ್ಮ ಮಾತನ್ನು ಬರೆದುಕೊಂಡರು. ಇಷ್ಟು ವರ್ಷಗಳಲ್ಲಿ ಗ್ರೈಂಡರಿನ ಬಗ್ಗೆ ನಮ್ಮನ್ನು ಕೇಳಿ ಬರೆದುಕೊಂಡವರು ಅವರೊಬ್ಬರೇ.

ಶಬ್ದದಿಂದ ಬರುವ ಕಿವುಡನ್ನು ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿ ಸರಕಾರದ ಕಾನೂನೇ ಸೇರಿಸಿದೆ. ಆದುದರಿಂದ ನಮ್ಮ ಸಂಘ ಒಂದು ಚೀಟಿ ಅಚ್ಚು ಹಾಕಿಸಿದೆ. ನೀವು ದುಡಿಯುವಲ್ಲಿಯ ಮೋಟಾರು ಯಾವುದು, ಸ್ವಿಚ್ಚು ಆರಿಸಿದಾಗ ಸದ್ದು ಏನಾಯಿತು, ಬೋಲ್ಟು ಎಷ್ಟಿವೆ, ಅದರ ಪಕ್ಕ ಯಾರು ಎಷ್ಟು ತಾಸು ನಿಲ್ಲುತ್ತಾರೆ, ಇಷ್ಟು ಬರೆಯಿರಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ನಾವೇ ಬರೆದುಕೊಳ್ಳುತ್ತೇವೆ. ಮುಂದಿನ ಭಾನುವಾರದೊಳಗೆ ಚೀಟಿಗಳು ಕಚೇರಿಗೆ ಬರಲಿ. ಸೋಮವಾರ ಮಾಲೀಕರನ್ನು ಕಾಣಲು ಹೊರಡುವವರಿದ್ದೇವೆ.