ದಸರಾ ರಜೆಯಲ್ಲಿ ಒಂದು ವಾರ ಮನೆಯ ಪಾಠ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣದ ಪಾಠ)





ಇನ್ನು ಕೆಲವೇ ದಿನಗಳಲ್ಲಿ ದಸರಾ ರಜೆ. ಇದೇ ಹೊತ್ತಿಗೆ ಬಿಳಿಚೋಡು ಸುತ್ತಿನ ಹೊಲಗಳಲ್ಲಿ ಮೆಕ್ಕೆಜೋಳ ಮುರಿಯುವ ಕೆಲಸವೂ ಬರುತ್ತದೆ. ರಜೆಯಲ್ಲಿ ಕೂಲಿಗೆ ಹೋದ ಮಗು ರಜೆ ಮುಗಿದ ಮೇಲೂ ಕೂಲಿಯಲ್ಲೇ ಉಳಿಯುವುದನ್ನು ಶಾಲೆಯಲ್ಲಿದ್ದಾಗ ನಾವು ಬಹಳ ಸಲ ಕಂಡಿದ್ದೇವೆ. ಅದರಲ್ಲೂ ಏಳು ಎಂಟನೇ ತರಗತಿಯ ಹೆಣ್ಣುಮಕ್ಕಳು. 2016ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ 14 ವರ್ಷದೊಳಗಿನ ಮಗು ರಜೆಯಲ್ಲಿ ಮನೆಯವರ ಅಪಾಯವಿಲ್ಲದ ಕೆಲಸಕ್ಕೆ ಕೈಜೋಡಿಸಬಹುದು. ಬೇರೆಯವರಲ್ಲಿ ಕೂಲಿಗೆ ಹೋಗುವಂತಿಲ್ಲ. ಹಾಗಾದರೆ ಮನೆಯ ಕೆಲಸವನ್ನೇ ಪಾಠ ಮಾಡಿಕೊಂಡರೆ ಹೇಗೆ? 2020ರಲ್ಲಿ ಶಾಲೆಗಳು ಮುಚ್ಚಿದಾಗ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಮಾಡಿದ್ದು ನಿಮಗೆ ನೆನಪಿದೆ. ಪಾಠಕ್ಕೆ ಕಟ್ಟಡವೇ ಬೇಕೆಂದಿಲ್ಲ.

ದಿನಕ್ಕೆ ಎರಡು ಗಂಟೆ, ಆರು ದಿನ. ನಾವು ಹಾಕಿರುವ ಯೋಜನೆ ಇದು.

ಸೋಮವಾರ ನೆರಳು. ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ಹೂಳಿ. ಹನ್ನೊಂದರಿಂದ ಒಂದು ಗಂಟೆಯವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲಿಡಿ. ಅತಿ ಗಿಡ್ಡ ನೆರಳು ಉತ್ತರಕ್ಕೆ ತೋರಿಸುತ್ತದೆ. ಉತ್ತರ ತಿಳಿದರೆ ಪಶ್ಚಿಮ ತಿಳಿಯಿತು. ನಮ್ಮ ಕಿಬ್ಲಾ ಪಶ್ಚಿಮದಿಂದ ತುಸು ಉತ್ತರಕ್ಕೆ ಏಕೆ ವಾಲಿದೆ ಎಂಬುದನ್ನು ಭೂಪಟದಲ್ಲಿ ಮಗುವೇ ಹುಡುಕಲಿ. ಸೂರ್ಯನನ್ನು ನೇರವಾಗಿ ನೋಡಬಾರದು ಎಂದು ಮಾತ್ರ ಮೊದಲೇ ಹೇಳಿ.

ಮಂಗಳವಾರ ತೆನೆ. ಮೆಕ್ಕೆಜೋಳದ ತೆನೆಯಲ್ಲಿ ಸಾಲುಗಳನ್ನು ಎಣಿಸಿ. ಸಾಮಾನ್ಯವಾಗಿ ಅದು ಸಮಸಂಖ್ಯೆಯೇ ಆಗಿರುತ್ತದೆ. 14 ಸಾಲು, ಸಾಲಿಗೆ 35 ಕಾಳು ಇದ್ದರೆ 490. ಆಮೇಲೆ ಕಾಳು ಬಿಡಿಸಿ ಎಣಿಸಿ. ಅಂದಾಜಿಗೂ ಎಣಿಕೆಗೂ ಎಷ್ಟು ವ್ಯತ್ಯಾಸ ಬಂತು, ಏಕೆ ಬಂತು ಎಂದು ಮಗು ಬರೆಯಲಿ.

ಬುಧವಾರ ತೂಕ. ಬೆಳೆಯ ಝಕಾತ್ ಆದ ಉಶ್ರ್ ಲೆಕ್ಕವನ್ನು ಮಗುವಿನ ಕೈಗೆ ಕೊಡಿ. ಮಳೆಯಾಶ್ರಿತ ಬೆಳೆಗೆ ಹತ್ತರಲ್ಲಿ ಒಂದು ಪಾಲು, ನೀರು ಹಾಯಿಸಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು. 20 ಕ್ವಿಂಟಾಲಿಗೆ ಒಂದು ಹೊಲದಲ್ಲಿ 2, ಇನ್ನೊಂದರಲ್ಲಿ 1. ಹಣದ ಝಕಾತ್ ನೂರಕ್ಕೆ ಎರಡೂವರೆ, ಅಂದರೆ ನಲವತ್ತರಲ್ಲಿ ಒಂದು. ಭಿನ್ನರಾಶಿ, ಶೇಕಡಾ ಎರಡೂ ಇಲ್ಲೇ ಮುಗಿದವು. ಹೆಚ್ಚು ಶ್ರಮ ಬಿದ್ದಲ್ಲಿ ಪಾಲು ಏಕೆ ಕಡಿಮೆ ಎಂದು ಕೇಳಿದರೆ ನ್ಯಾಯದ ಪಾಠವೂ ಆಯಿತು.

ಗುರುವಾರ ಹತ್ತಿ. ಒಂದು ಹಿಡಿ ಹತ್ತಿಯಿಂದ ಬೀಜ ಬಿಡಿಸಿ, ಎರಡನ್ನೂ ಬೇರೆ ಬೇರೆ ತೂಗಿ, ಒಂದು ಎಳೆ ನೂಲು ಹೊಸೆಯಿರಿ. ಪಿಂಜಾರ ಮನೆತನದ ಅಜ್ಜಂದಿರು ಬಿಲ್ಲಿನಿಂದ ಹತ್ತಿ ಹಿಂಜಿ ಗಾದಿ ಮಾಡುತ್ತಿದ್ದ ಬಗೆಯನ್ನು ಮಗು ಕೇಳಿ, ಒಂದು ಪುಟ ಬರೆದಿಡಲಿ. ಆ ಕಸುಬಿನ ಮಾತುಗಳು ಅವರ ಜೊತೆಗೇ ಹೋಗಬಾರದು.

ಶುಕ್ರವಾರ ಜುಮಾ. ಅಂದು ಒಂದೇ ಗಂಟೆ: ಪತ್ರಿಕೆ ಓದಿಸಿ, ಬ್ಯಾಂಕಿನ ಒಂದು ಚೀಟಿ ತುಂಬಿಸಿ.

ಶನಿವಾರ ಮಳೆ. ಬರ ಕಂಡ ಜಗಳೂರು ಸೀಮೆಯವರಿಗೆ ಇದು ತಿಳಿದಿರಲೇಬೇಕು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಆರು ಮೀಟರ್ ಉದ್ದ, ಐದು ಮೀಟರ್ ಅಗಲದ ಮಾಳಿಗೆಯ ಮೇಲೆ 10 ಮಿಲಿಮೀಟರ್ ಬಿದ್ದರೆ 300 ಲೀಟರ್. ನಿಮ್ಮ ಮಾಳಿಗೆಯನ್ನು ಮಗು ಅಳೆದು ಹೇಳಲಿ.

‘ನಮಗೇ ಓದು ಬಾರದು, ಕಲಿಸುವುದು ಹೇಗೆ?’ ಎಂದು ತಾಯಂದಿರು ಕೇಳುತ್ತಾರೆ. ನೀವು ಕಲಿಸಬೇಕಾಗಿಲ್ಲ, ಕೇಳಿದರೆ ಸಾಕು. ‘ಎಷ್ಟು? ಹೇಗೆ ಗೊತ್ತಾಯಿತು?’ ಈ ಎರಡು ಪ್ರಶ್ನೆ.

ಎಂಟನೇ ತರಗತಿಯ ಮಕ್ಕಳಿಗೆ ಒಂದು ಮಾತು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ಪರೀಕ್ಷೆ ಇದೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಮನಸ್ಸಿನ ಸಾಮರ್ಥ್ಯಕ್ಕೆ 90, ವಿಷಯಗಳಿಗೆ 90 ಪ್ರಶ್ನೆ. ಕೈಯಿಂದ ಅಳೆದು ತೂಗಿದ ಮಗು ಅಂಥ ಪ್ರಶ್ನೆಗೆ ಬೇಗ ಹೆದರುವುದಿಲ್ಲ. ಅರ್ಜಿಯ ಬಗ್ಗೆ ಮುಖ್ಯ ಶಿಕ್ಷಕರನ್ನು ರಜೆಗೆ ಮುಂಚೆಯೇ ಕೇಳಿಕೊಳ್ಳಿ.

ದಾನಿಗಳಲ್ಲಿ ನಮ್ಮ ಕೋರಿಕೆ ಚಿಕ್ಕದು. ವಿದ್ಯಾರ್ಥಿವೇತನದ ಜೊತೆಗೆ ಓಣಿಗೊಂದು ಅಳತೆಯ ಚೀಲ ಕೊಡಿಸಿ: ಒಂದು ಟೇಪು, ಒಂದು ತಕ್ಕಡಿ, ಒಂದು ಲೀಟರಿನ ಅಳತೆ ಪಾತ್ರೆ, ಒಂದು ಭೂಪಟ. ಗ್ರಂಥಾಲಯದ ಪುಸ್ತಕದಂತೆ ಅದು ಮನೆಯಿಂದ ಮನೆಗೆ ತಿರುಗಲಿ. ಯಾವ ಜಾತಿ, ಯಾವ ಧರ್ಮದ ಮಗುವಿಗಾದರೂ ಸಿಗಲಿ.

ಪಾಲಕರಲ್ಲಿ ಕೋರಿಕೆ ಇನ್ನೂ ಚಿಕ್ಕದು. ಶಾಲೆ ತೆರೆದ ಮೊದಲ ದಿನವೇ ಮಗುವನ್ನು ಕಳಿಸಿ. ಆರು ದಿನ ಬರೆದ ಪುಸ್ತಕ ಅದರ ಚೀಲದಲ್ಲಿರಲಿ. ಟೀಚರಿಗೆ ತೋರಿಸಲು ಏನಾದರೂ ಇರುವ ಮಗು ಶಾಲೆಗೆ ಓಡಿಕೊಂಡು ಹೋಗುತ್ತದೆ.

ಅಲ್ಲಾಹನು ಈ ಮಕ್ಕಳ ವಿದ್ಯೆಯಲ್ಲಿ ಬರಕತ್ ನೀಡಲಿ. ಆಮೀನ್.