ಮನೆಗೆ ಎರಡನೆಯ ಫಟಫಟಿ

ಮನೆಯಲ್ಲಿ ಒಂದು ಮೋಟಾರು ಸೈಕಲ್ಲು ಇರುವಾಗ ಇನ್ನೊಂದೇಕೆ ಎಂದು ಕೇಳುವವರುಂಟು. ಭೀಮರಾಯನಗುಡಿಯಲ್ಲಿ ಇರುವವರು ಹಾಗೆ ಕೇಳಲಾರರು. ಯಜಮಾನರು ಗಾಡಿ ಹತ್ತಿ ಕಾಲುವೆಯ ಕೆಲಸಕ್ಕೆ ಹೊರಟರೆಂದರೆ, ಪೇಟೆಗೂ ದವಾಖಾನೆಗೂ ಶಹಾಪುರ, ರೈಲಿಗೆ ಯಾದಗಿರಿ. ಮನೆಯಲ್ಲಿ ಉಳಿದವರ ಪಾಡೇನು? ಎರಡನೆಯ ಗಾಡಿ ಬೇಕಾಗುವುದು ಅವರಿಗಾಗಿ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳಲು ಹೊರಡಿ.

ಹೊಸದಕ್ಕೆ ಹಣ ಸಾಲದಿದ್ದರೆ ದಾರಿ ಎರಡು: ಅಜ್ಜನ ಕಾಲದ ಜಾವಾ ಇಲ್ಲವೆ ಯೆಜ್ಡಿ, ಅಥವಾ ನಾಲ್ಕಾರು ವರ್ಷ ಓಡಿದ ಈಚಿನ ಗಾಡಿ.

ಜಾವಾದ ಮೇಲೆ ಕನ್ನಡಿಗರಿಗೆ ಮಮತೆಯಿರುವುದು ಸಹಜವೇ. ಅದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. 1970ರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರ ಬಳಿಕ ಬಂದ ಜಾವಾದಲ್ಲಿ ಹೆಸರು ಹಳೆಯದು, ಯಂತ್ರ ಬೇರೆ. ಹಳೆಯ ಜಾವಾದಲ್ಲಿ ಕಿಕ್ಕಿನ ದಂಡವೇ ಗೇರಿನ ದಂಡ. ಪೆಟ್ರೋಲಿಗೆ ಎಣ್ಣೆಯನ್ನು ಅಳೆದು ಬೆರೆಸಬೇಕು. ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬಲ್ಲವನಿಗೆ ಇದೆಲ್ಲ ಸಂತೋಷ. ಅರಿಯದವರಿಗೆ ಆ ಗಾಡಿ ಅಂಗಳದಲ್ಲಿ ನಿಂತ ಕಬ್ಬಿಣವಷ್ಟೆ.

ಮಾರುವವರು ‘ವಿಂಟೇಜ್’ ಎಂದು ಹೇಳಿ ಬೆಲೆ ಏರಿಸಿದರೆ ತುಸು ತಡೆಯಿರಿ. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಗೆ ಮಾತ್ರ ಆ ಹೆಸರು. 1985ರ ಯೆಜ್ಡಿ ಬರಿಯ ಹಳೆಯ ಗಾಡಿ. ನಿಜವಾದ ವಿಂಟೇಜ್ ಎಂದೇ ನೋಂದಾಯಿಸಿದರೆ ಇನ್ನೊಂದು ತೊಡಕು: ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಾಮಾನ್ಯ ನೋಂದಣಿಯಲ್ಲೇ ಇಟ್ಟುಕೊಂಡರೆ, ಹದಿನೈದು ವರ್ಷ ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿ ನವೀಕರಿಸಬೇಕು.

ಈಚಿನ ಗಾಡಿಯಾದರೆ ಗುಂಡಿ ಒತ್ತಿದೊಡನೆ ಹೊರಡುತ್ತದೆ. ಏಪ್ರಿಲ್ 2019ರ ಬಳಿಕ ಮಾರಿದ ಗಾಡಿಗಳಲ್ಲಿ 125 ಸಿಸಿ ಮೀರಿದವಕ್ಕೆ ಎಬಿಎಸ್, ಉಳಿದವಕ್ಕೆ ಎರಡು ಗಾಲಿಗಳನ್ನೂ ಒಟ್ಟಿಗೆ ಹಿಡಿಯುವ ಬ್ರೇಕು ಕಡ್ಡಾಯವಾಯಿತು. ಅವಕ್ಕೂ ರೋಗವಿಲ್ಲದಿಲ್ಲ. ಇಂಧನವನ್ನು ಚಿಮ್ಮಿಸುವ ಯಂತ್ರವಿದ್ದರೆ, ಕಾರ್ಬೊರೇಟರ್ ಬಿಚ್ಚಿ ತೊಳೆದಂತೆ ಮನೆಯಂಗಳದಲ್ಲಿ ರಿಪೇರಿಯಾಗದು. ಬ್ಯಾಟರಿ ಸತ್ತರೆ ಗಾಡಿಯೂ ಮೌನ. ಆದ್ದರಿಂದ ಬೆಲೆ ಮಾತನಾಡುವ ಮುನ್ನ ತಣ್ಣಗಿರುವ ಎಂಜಿನ್ನನ್ನೇ ಚಾಲೂ ಮಾಡಿ ನೋಡಿ. ಚಾಸಿಯ ಮೇಲಿನ ಸಂಖ್ಯೆಯನ್ನು ಆರ್‌ಸಿಯೊಡನೆ ತಾಳೆ ಹಾಕಿ. ಬ್ಯಾಂಕಿನ ಸಾಲ ನಮೂದಾಗಿದ್ದರೆ ಅದು ತೀರಿದ ಪತ್ರ ಕೇಳಿ. ಆರ್‌ಸಿ ನಿಮ್ಮ ಹೆಸರಿಗೆ ಆಗುವವರೆಗೆ ವ್ಯವಹಾರ ಮುಗಿಯಿತೆಂದು ತಿಳಿಯಬೇಡಿ.

ಕಡೆಗೆ ಒಂದು ಪರೀಕ್ಷೆ. ಕೊಳ್ಳಹೋಗುವಾಗ ಮನೆಯಲ್ಲಿ ಉಳಿಯುವವರನ್ನೂ ಕರೆದುಕೊಂಡು ಹೋಗಿ. ಅವರ ಕೈಯಲ್ಲೇ ಚಾಲೂ ಮಾಡಿಸಿ. ನಡುರಾತ್ರಿ ಮಗುವಿಗೆ ಜ್ವರ ಬಂದು, ನೀವು ಊರಲ್ಲಿಲ್ಲದಾಗ, ಅವರು ಆ ಗಾಡಿಯನ್ನು ಶಹಾಪುರಕ್ಕೆ ಒಯ್ಯಬಲ್ಲರೆ ಅದು ಎರಡನೆಯ ಗಾಡಿ. ನಿಮ್ಮೊಬ್ಬರ ಕಾಲಿಗೇ ಮಣಿಯುವುದಾದರೆ, ಅಂಗಳದಲ್ಲಿ ಎರಡು ನಿಂತರೂ ಮನೆಗಿರುವುದು ಒಂದೇ. ಜಾವಾ ಬೇಕೇ ಬೇಕೆಂದಿದ್ದರೆ ಕೊಳ್ಳಿ, ಬೇಡವೆನ್ನಲಾರೆ. ಅದು ಮೂರನೆಯದಾಗಿ ಬರಲಿ.