ತೇರಿನ ಗಾಲಿ ಮತ್ತು ದೊಡ್ಡ ಕೈವಾರ

(ಜಾತ್ರಾ ಮಹೋತ್ಸವದ ಧರ್ಮಸಭೆಯಲ್ಲಿ ದೇವಸ್ಥಾನದ ಧರ್ಮದರ್ಶಿಗಳೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ರಾಯಚೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿ, ಬಂದು ಅಂಗಡಿಯ ಗಲ್ಲಾ ಮೇಲೆ ಕೂತವನು. ಹಗ್ಗ, ಮೊಳೆ, ಬೀಗ, ಹಿತ್ತಾಳೆ ಪಾತ್ರೆ ಮಾರುವವನು. ಈ ಸಲ ತೇರಿಗೆ ನಾಲ್ಕೂ ಗಾಲಿ ಹೊಸದು ಹಾಕಿದ್ದೇವೆ. ಉಗ್ರಾಣದ ಗೋಡೆಗೆ ತೂಗುಹಾಕಿರುವ ಆ ಹಿತ್ತಾಳೆ ಕಟ್ಟಿನ ಕೋಲು ಏನು ಎಂದು ದರ್ಶನಕ್ಕೆ ಬಂದವರೆಲ್ಲ ಕೇಳುತ್ತಿದ್ದಾರೆ. ಕೆಲವರು ಅದಕ್ಕೂ ಕುಂಕುಮ ಹಚ್ಚಿ ಹೋಗಿದ್ದಾರೆ. ಅದರ ವಿಷಯ ನೀನೇ ಹೇಳು ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಅಪ್ಪಣೆಗೆ ಒಂದು ಕಾರಣವೂ ಉಂಟು. ತಪ್ಪು ಶುರುವಾದದ್ದು ನನ್ನ ಅಂಗಡಿಯಿಂದ.

ಎಂಟು ವರ್ಷಗಳ ಹಿಂದೆ ಹಿಂಬದಿಯ ಎರಡು ಗಾಲಿ ಹುಳು ಹಿಡಿದು ಬದಲಾಯಿಸಬೇಕಾಯಿತು. ಐದು ಅಡಿ ವ್ಯಾಸದ ಗಾಲಿ. ದಪ್ಪ ಹಲಗೆಗಳನ್ನು ಜೋಡಿಸಿ, ಅದರ ಮೇಲೆ ದುಂಡಗೆ ಗೆರೆ ಎಳೆದು, ಗೆರೆಯಂತೆ ಕೊಯ್ಯಬೇಕು. ಬಡಿಗೇರ ಅಜ್ಜನವರು ಆಗ ಕಾಯಿಲೆಯಲ್ಲಿದ್ದರು. ಜಾತ್ರೆಗೆ ಇಪ್ಪತ್ತು ದಿನ ಉಳಿದಿತ್ತು. ನಾನೇ ಮುಂದೆ ನಿಂತು ಅಂಗಡಿಯಿಂದ ಒಂದು ಮೊಳೆ, ಒಂದು ಮೊಳ ಹೆಚ್ಚಿಗೆ ಇರಲೆಂದು ನೈಲಾನ್ ಹಗ್ಗ, ಒಂದು ಬಡಿಗರ ಪೆನ್ಸಿಲ್ ತಂದುಕೊಟ್ಟೆ. ನಡುವೆ ಮೊಳೆ ಹೊಡೆದು, ಹಗ್ಗವನ್ನು ಬಿಗಿಯಾಗಿ ಗಂಟು ಹಾಕಿ, ತುದಿಗೆ ಪೆನ್ಸಿಲ್ ಕಟ್ಟಿ ಸುತ್ತು ತಿರುಗಿಸಿದೆವು. ಗೆರೆ ಹೊರಟ ಜಾಗಕ್ಕೆ ಮರಳಿ ಬಂದಾಗ ಎರಡು ತುದಿ ಕೂಡಲಿಲ್ಲ. ಮುಕ್ಕಾಲು ಇಂಚು ಒಳಗೆ ಬಂದಿತ್ತು. ನಾವು ನಕ್ಕು, ಕಣ್ಣಂದಾಜಿನಲ್ಲಿ ಸರಿಮಾಡಿ, ಕೊಯ್ಯಿಸಿಬಿಟ್ಟೆವು.

ಯಾಕೆ ಕೂಡಲಿಲ್ಲ? ಈಗ ಹೇಳುತ್ತೇನೆ, ಆಗ ನನಗೂ ಗೊತ್ತಿರಲಿಲ್ಲ. ಬಿಗಿದ ಗಂಟು ಮೊಳೆಯ ಸುತ್ತ ತಿರುಗುವುದಿಲ್ಲ; ಹಗ್ಗವೇ ಮೊಳೆಗೆ ಸುತ್ತಿಕೊಳ್ಳುತ್ತದೆ. ಮೊಳೆ ಎರಡು ಸೂತು ದಪ್ಪ. ನಮ್ಮ ಕಡೆ ಬಡಿಗರ ಲೆಕ್ಕದಲ್ಲಿ ಇಂಚಿಗೆ ಎಂಟು ಸೂತು. ಅಂದರೆ ಕಾಲು ಇಂಚಿನ ಮೊಳೆ, ಅದರ ಸುತ್ತಳತೆ ಮುಕ್ಕಾಲು ಇಂಚಿಗಿಂತ ತುಸು ಹೆಚ್ಚು. ಒಂದು ಸುತ್ತು ಬಂದಾಗ ಹಗ್ಗ ಅಷ್ಟು ಗಿಡ್ಡವಾಯಿತು. ಗಂಟನ್ನು ಸಡಿಲ ಬಿಟ್ಟರೆ ಸುತ್ತಿಕೊಳ್ಳುವುದಿಲ್ಲ, ಆದರೆ ಹಗ್ಗವೇ ಹಿಗ್ಗುತ್ತದೆ. ಎಳೆಯುವವನ ಕೈ ಒಂದು ಕಡೆ ಗಟ್ಟಿ, ಒಂದು ಕಡೆ ಸಡಿಲ. ನಮ್ಮ ಸಮಿತಿಯಲ್ಲಿ ಗದ್ವಾಲದ ನೇಕಾರರೊಬ್ಬರಿದ್ದಾರೆ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ ಎಂಬುದು ತಾಯಂದಿರಿಗೆ ಗೊತ್ತೇ ಇದೆ. ಒಂದೇ ಎಳೆತಕ್ಕೆ ಹತ್ತಿ ನೂಲು ಹಿಗ್ಗಿದಂತೆ ರೇಷ್ಮೆ ಹಿಗ್ಗುವುದಿಲ್ಲ, ಅದನ್ನು ಕೈಯೇ ಕಲಿಯಬೇಕು ಎಂದು ಅವರು ಹೇಳಿದಾಗ ನನ್ನ ನೈಲಾನ್ ಹಗ್ಗ ನೆನಪಾಗಿ ತಲೆ ತಗ್ಗಿಸಿದೆ.

ಹಾಗೆ ಮಾಡಿದ ಗಾಲಿ ಹಾಕಿ ಏಳು ಜಾತ್ರೆ ಎಳೆದೆವು. ತೇರು ಹದಿನಾರು ಅಡಿ ಹೋಗುವಷ್ಟರಲ್ಲಿ ಒಮ್ಮೆ ತೂಗುತ್ತಿತ್ತು. ಸ್ವಾಮಿ ಉಯ್ಯಾಲೆ ಆಡುತ್ತಿದ್ದಾನೆ ಎಂದು ನಾವೆಲ್ಲ ಕೈ ಮುಗಿಯುತ್ತಿದ್ದೆವು, ಉತ್ತತ್ತಿ ಬಾಳೆಹಣ್ಣು ಎಸೆಯುತ್ತಿದ್ದೆವು. ನಾನೂ ಎಸೆದಿದ್ದೇನೆ. ಹೋದ ವರ್ಷ ಗುಡಿಯ ಮುಂದಿನ ಇಳಿಜಾರಿನಲ್ಲಿ ಹಾಗೆ ತೂಗಿದಾಗ ಗಾಲಿಯ ಕೆಳಗೆ ಕೊಟ್ಟಿದ್ದ ಮರದ ತುಂಡು ಸಿಡಿದು, ಅದನ್ನು ಕೊಡುತ್ತಿದ್ದ ಹುಡುಗನ ಪಾದ ಜಜ್ಜಿತು. ಮೂರು ತಿಂಗಳು ಹಾಸಿಗೆ ಹಿಡಿದ. ಸಮಿತಿಯಿಂದ ಆಸ್ಪತ್ರೆಯ ಖರ್ಚು ಕೊಟ್ಟೆವು, ಅದು ಬೇರೆ ಮಾತು. ಅವನ ತಾಯಿ ಒಂದು ದಿನ ನಮ್ಮ ಅಂಗಡಿಗೆ ಬಂದಳು. ಬೈಯಲು ಬಂದಳು ಎಂದುಕೊಂಡೆ. ಎಮ್ಮೆ ಕಟ್ಟಲು ಹಗ್ಗ ಬೇಕಿತ್ತು ಅವಳಿಗೆ. ಹಗ್ಗ ಅಳೆದುಕೊಡುವಾಗ ನನ್ನ ಕೈ ನಡುಗಿತು.

2017ರ ಫೆಬ್ರವರಿಯಲ್ಲಿ ಕೊಟ್ಟೂರಿನಲ್ಲಿ ರಥ ಉರುಳಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೆವು. ಅದನ್ನು ನೋಡಿದ ಮೇಲೂ ನಮ್ಮ ತೇರಿನ ತೂಗಾಟವನ್ನು ಲೀಲೆ ಎಂದೇ ಕರೆದೆವು.

ಈ ಸಲ ಬಡಿಗೇರ ಅಜ್ಜನವರನ್ನು ಕರೆತಂದು ತೋರಿಸಿದೆವು. ಅವರು ಹಳೆ ಗಾಲಿ ಬಿಚ್ಚಿಸಿ, ಅಚ್ಚಿನ ತೂತಿನ ನಡುವಿನಿಂದ ಅಂಚಿಗೆ ಅಳೆದರು. ಒಂದು ಕಡೆಗಿಂತ ಇನ್ನೊಂದು ಕಡೆ ನಾಲ್ಕು ಸೂತು, ಅಂದರೆ ಅರ್ಧ ಇಂಚು ಕಡಿಮೆ. "ಇಷ್ಟೇನಾ ಅಜ್ಜಾರೇ?" ಅಂದೆ. "ಸಾವ್ಕಾರ್ರೇ, ಕೆಳಗ ಅರ್ಧ ಇಂಚು ಅದ. ಮ್ಯಾಲ ಎಷ್ಟಾಗ್ತದ ಲೆಕ್ಕ ಹಾಕ್ರಿ" ಅಂದರು. ನಮ್ಮ ತೇರಿನ ಎಡ ಗಾಲಿಗೂ ಬಲ ಗಾಲಿಗೂ ಆರು ಅಡಿ ಅಂತರ, ತೇರಿನ ಎತ್ತರ ಮೂವತ್ತು ಅಡಿ, ಐದು ಪಟ್ಟು. ಒಂದು ಗಾಲಿ ಅರ್ಧ ಇಂಚು ತಗ್ಗಿದರೆ ಕಳಸ ಎರಡೂವರೆ ಇಂಚು ವಾಲುತ್ತದೆ. ಎರಡು ಗಾಲಿಯ ತಪ್ಪು ಎದುರುಬದುರಾಗಿ ಬಂದರೆ ತೂಗಾಟ ಇಮ್ಮಡಿ. ಜೊತೆಗೆ ರಸ್ತೆಯ ಏರುತಗ್ಗು, ಮೇಲೆ ಕೂತ ಜನ.

ಆಗ ಸಮಿತಿಯಲ್ಲಿ ಚರ್ಚೆಯಾಯಿತು. ಉಕ್ಕಿನ ಗಾಲಿ ಹಾಕಿಸೋಣ ಎಂದು ಯುವಕರು ಹೇಳಿದರು. ಅವರ ಮಾತಿನಲ್ಲಿ ತಪ್ಪಿಲ್ಲ. ತಮಿಳುನಾಡಿನ ತಿರುವಾರೂರಿನ ದೊಡ್ಡ ತೇರಿಗೆ ತಿರುಚ್ಚಿಯ ಬಿ.ಎಚ್.ಇ.ಎಲ್. ಕಾರ್ಖಾನೆಯವರೇ ಉಕ್ಕಿನ ಗಾಲಿ ಮತ್ತು ಹೈಡ್ರಾಲಿಕ್ ಬ್ರೇಕು ಮಾಡಿಕೊಟ್ಟಿದ್ದಾರೆ. ಆದರೆ ನಮ್ಮ ತೇರಿನ ಅಚ್ಚು ಮರದ್ದು, ಗದ್ದಿಗೆ ಮರದ್ದು. ಗಾಲಿ ಮಾತ್ರ ಉಕ್ಕಿನದಾದರೆ ಪೆಟ್ಟು ಅಚ್ಚಿಗೆ ಬೀಳುತ್ತದೆ, ಎಲ್ಲವನ್ನೂ ಬದಲಿಸಬೇಕು ಎಂದು ಅಜ್ಜನವರು ಹೇಳಿದರು. ಅಷ್ಟು ಹಣ ನಮ್ಮಲ್ಲಿಲ್ಲ. ಮರವೇ ಆಗಲಿ, ಆದರೆ ಗೆರೆ ಈ ಸಲ ಕೋಲಿನಿಂದ ಎಳೆಯಬೇಕು ಎಂದು ತೀರ್ಮಾನವಾಯಿತು. ಕೋಲು ಮಾಡಿಸುವ ಹೊಣೆ ನನಗೇ ಬಿತ್ತು.

ಶಾಲೆಯ ಕಂಪಾಸು ಪೆಟ್ಟಿಗೆಯಲ್ಲಿ ಕೈವಾರ ಇರುತ್ತದಲ್ಲ, ತೆಲುಗು ಮಾಧ್ಯಮದ ಮಕ್ಕಳು ವೃತ್ತಲೇಖಿನಿ ಅನ್ನುತ್ತಾರೆ, ಅದರ ಎರಡು ಕಾಲು ಅಗಲಿಸಿ ಎಷ್ಟು ದೊಡ್ಡದು ಎಳೆಯಬಹುದು? ಅಂಗೈ ಅಗಲ. ಕಾಲನ್ನು ಎರಡೂವರೆ ಅಡಿಗೆ ಅಗಲಿಸಿದರೆ ಬಾಗುತ್ತದೆ. ಅದಕ್ಕೆ ಕಾಲುಗಳನ್ನು ಬಿಟ್ಟು ಒಂದು ನೇರ ಕೋಲು, ಕೋಲಿನ ಮೇಲೆ ಸರಿಯುವ ಎರಡು ಹಿತ್ತಾಳೆ ಪೆಟ್ಟಿಗೆ. ಒಂದಕ್ಕೆ ಉಕ್ಕಿನ ಮುಳ್ಳು, ಇನ್ನೊಂದಕ್ಕೆ ಪೆನ್ಸಿಲ್. ಇಷ್ಟೇ ಅದರ ರಹಸ್ಯ.

ಕೋಲಿಗೆ ಹೊಸ ಮರ ಬೇಡ ಎಂದರು ಅಜ್ಜನವರು. ನಮ್ಮ ಹಳೆ ಮನೆ ಕೆಡವಿದಾಗ ಉಳಿದ ಸಾಗವಾನಿ ಬಾಗಿಲ ಚೌಕಟ್ಟಿತ್ತು. ನಮ್ಮ ಅಜ್ಜನ ಕಾಲದ್ದು, ಒಣಗುವುದೆಲ್ಲ ಒಣಗಿ ಮುಗಿದಿತ್ತು. ಅದರಿಂದ ನಾಲ್ಕು ಅಡಿ ಉದ್ದ, ಎರಡು ಇಂಚು ಎತ್ತರ, ಒಂದು ಇಂಚು ದಪ್ಪದ ಕೋಲು ತೆಗೆದರು. ಅದನ್ನು ಮಲಗಿಸಿ ಅಲ್ಲ, ನಿಲ್ಲಿಸಿ ಬಳಸಬೇಕು. ಮನೆಯ ತೊಲೆಯನ್ನು ಯಾರೂ ಅಡ್ಡ ಮಲಗಿಸಿ ಹಾಕುವುದಿಲ್ಲ. ಅದೇ ಕೋಲು ನಿಂತಾಗ, ಮಲಗಿದ್ದಕ್ಕಿಂತ ನಾಲ್ಕು ಪಟ್ಟು ಬಾಗದೆ ನಿಲ್ಲುತ್ತದೆ.

ಪೆಟ್ಟಿಗೆಗಳಿಗೆ ಕಬ್ಬಿಣವೇ ಸಾಲದೆ, ಹಿತ್ತಾಳೆ ಯಾಕೆ ಎಂದು ಖಜಾಂಚಿಗಳು ಕೇಳಿದರು. ಹಿತ್ತಾಳೆಗೆ ತುಕ್ಕಿಲ್ಲ, ಕೋಲಿನ ಮೇಲೆ ನಯವಾಗಿ ಸರಿಯುತ್ತದೆ, ತಿರುಪಿನ ಎಳೆ ಅದರಲ್ಲಿ ಚೊಕ್ಕಟವಾಗಿ ಬರುತ್ತದೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಣ. ಗುಡಿಯ ಗಂಟೆಯದು ಕಂಚು, ತಾಮ್ರ ಮತ್ತು ತವರ. ಇದನ್ನು ಹೇಳಿದ್ದು ಯಾಕೆಂದರೆ, ಒಡೆದ ಗಂಟೆಯನ್ನೇ ಕರಗಿಸಿ ಎಂದು ಕೆಲವರು ಸಲಹೆ ಕೊಟ್ಟಿದ್ದರು. ಗಂಟೆಯ ಕಂಚು ನಾದಕ್ಕೆ ಒಳ್ಳೆಯದು, ಬಾಗಿಸಲು ಹೋದರೆ ಒಡೆಯುತ್ತದೆ. ಹಿತ್ತಾಳೆ ಪಟ್ಟಿಯೂ ಹಾಗೆಯೇ ಬಾಗಿಸಿದರೆ ಮೂಲೆಯಲ್ಲಿ ಸೀಳುತ್ತದೆ. ಮೊದಲನೆಯದು ಸೀಳಿಯೇ ಹೋಯಿತು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಆಮೇಲೆ ಬಾಗಿಸಬೇಕು. ಉಕ್ಕನ್ನು ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ, ಹಿತ್ತಾಳೆ ಮೆತ್ತಗಾಗುತ್ತದೆ. ಮೂವತ್ತು ವರ್ಷ ಹಿತ್ತಾಳೆ ಮಾರಿದ ನನಗೆ ಈ ಮಾತು ಗೊತ್ತಿರಲಿಲ್ಲ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಬಿಗಿಯುವ ತಿರುಪು ನೇರವಾಗಿ ಮರಕ್ಕೆ ತಾಗಬಾರದು. ತಾಗಿದರೆ ಪ್ರತಿ ಸಲ ಕುಳಿ ಬೀಳುತ್ತದೆ, ಮುಂದೆ ಪೆಟ್ಟಿಗೆ ತಾನಾಗಿ ಆ ಕುಳಿಗೆ ಜಾರುತ್ತದೆ. ನಡುವೆ ಸಣ್ಣ ಹಿತ್ತಾಳೆ ತಗಡು ಕೊಟ್ಟೆವು. ಮಳೆಗಾಲದಲ್ಲಿ ಮರದ ಅಗಲ ತುಸು ಉಬ್ಬುತ್ತದೆ, ಉದ್ದ ಹೆಚ್ಚುಕಡಿಮೆ ಬದಲಾಗುವುದಿಲ್ಲ. ನಮಗೆ ಬೇಕಾದದ್ದು ಉದ್ದದ ಅಳತೆಯಾದ್ದರಿಂದ ಮರ ಮೋಸ ಮಾಡುವುದಿಲ್ಲ. ಆದರೆ ಪೆಟ್ಟಿಗೆ ಸಿಕ್ಕಿಕೊಳ್ಳದಂತೆ ಒಂದು ಪೋಸ್ಟ್ ಕಾರ್ಡ್ ದಪ್ಪದ ಸಂದು ಬಿಡಬೇಕು. ಮುಳ್ಳು, ಪೆನ್ಸಿಲ್ ಎರಡೂ ಒಂದೇ ಉದ್ದಕ್ಕೆ ಇಳಿದಿರಬೇಕು, ಇಲ್ಲದಿದ್ದರೆ ಕೋಲು ಓರೆಯಾಗುತ್ತದೆ. ತಿರುಪುಗಳನ್ನು ರಾಯಚೂರಿನ ಲೇತ್‌ನಲ್ಲಿ ಕಡೆಸಿದೆವು. ಹಳೆ ಡ್ರಿಲ್ ಬಿಟ್ಟನ್ನು ಮಸೆದು ಮುಳ್ಳು ಮಾಡಿದೆವು.

ಅಂದು ಒಬ್ಬ ಹಿರಿಯರು, ನಮ್ಮ ಪೂರ್ವಿಕರು ಯಜ್ಞವೇದಿಕೆಯನ್ನೇ ಹಗ್ಗದಿಂದ ಅಳೆದರು, ನೀವು ಹಗ್ಗವನ್ನು ಹಳಿಯುತ್ತೀರಿ ಎಂದು ಆಕ್ಷೇಪಿಸಿದರು. ಮಾತು ನಿಜ. ಶುಲ್ಬ ಎಂದರೇ ಹಗ್ಗ. ಶುಲ್ಬಸೂತ್ರಗಳಲ್ಲಿ ರಥದ ಗಾಲಿಯ ಆಕಾರದ ವೇದಿಕೆಯೂ ಇದೆ, ರಥಚಕ್ರಚಿತಿ ಎಂದು ಅದರ ಹೆಸರು. ನಮ್ಮ ಅರ್ಚಕರು ಆಗ ಒಂದು ಮಾತು ಹೇಳಿದರು: ಆಪಸ್ತಂಬರ ಶುಲ್ಬಸೂತ್ರದಲ್ಲಿ ಹಗ್ಗದ ಜೊತೆಗೆ, ತೂತು ಕೊರೆದ ಬಿದಿರು ಕೋಲಿನಿಂದ ಅಳೆಯುವ ಕ್ರಮವೂ ಹೇಳಿದೆ. ತೂತಿಗೆ ಗೂಟ ಕೊಟ್ಟು ಕೋಲನ್ನೇ ತಿರುಗಿಸುವುದು. ಆ ಹಿರಿಯರು ಎದ್ದು ಬಂದು ಕೋಲನ್ನು ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಏನೂ ಅನ್ನಲಿಲ್ಲ.

ಗೆರೆ ಎಳೆದ ದಿನ ಹೇಳಬೇಕು. ಮುಳ್ಳಿಗೂ ಪೆನ್ಸಿಲ್‌ಗೂ ಮೂವತ್ತು ಇಂಚು ಇಟ್ಟು ಬಿಗಿದು, ಒಂದು ಹಲಗೆಯ ಮೇಲೆ ಮೊದಲ ಸುತ್ತು ಎಳೆದೆವು. ತುದಿಗೆ ತುದಿ ಕೂಡಿತು. ಅಜ್ಜನವರಿಗೆ ಅಷ್ಟು ಸಾಲದು. ಅದೇ ಅಳತೆಯಲ್ಲಿ ಕೋಲನ್ನು ಅಂಚಿನ ಮೇಲೆ ಹೆಜ್ಜೆ ಹಾಕಿಸಿದರು. ಯಾವ ವೃತ್ತವೇ ಆಗಲಿ ಅದರ ಅರ್ಧವ್ಯಾಸ ಅಂಚಿನ ಮೇಲೆ ಸರಿಯಾಗಿ ಆರು ಹೆಜ್ಜೆಗೆ ಹೊರಟಲ್ಲಿಗೆ ಬರಬೇಕು. ಇದನ್ನು ನಾನು ಎಸ್ಸೆಸ್ಸೆಲ್ಸಿಗೆ ಮೊದಲೇ ಓದಿದ್ದೆ, ಪರೀಕ್ಷೆಗೆ ಬರೆದು ಮರೆತಿದ್ದೆ. ಆರನೇ ಹೆಜ್ಜೆ ಮೊದಲ ಚುಕ್ಕೆಯ ಮೇಲೆಯೇ ಬಿತ್ತು. ನಾಲ್ಕು ಗಾಲಿ ಮುಗಿಯುವವರೆಗೆ ತಿರುಪು ಮುಟ್ಟಬಾರದೆಂದು ಅದರ ಮೇಲೆ ಅರಗು ಹಾಕಿದೆವು. ಅಚ್ಚಿನ ತೂತಿನ ಸಣ್ಣ ಸುತ್ತಿಗೆ ಶಾಲೆಯಿಂದ ಕರಿಹಲಗೆಯ ಕೈವಾರ ತಂದು, ಅದೇ ಮುಳ್ಳಿನ ಗುರುತಿನಿಂದ ಎಳೆದೆವು.

ಇಲ್ಲಿ ಒಂದು ಪೇಚು. ಅಚ್ಚಿಗೆ ತೂತು ಕೊರೆದ ಕೂಡಲೇ ನಡುವಿನ ಗುರುತು ಹೋಯಿತು. ಆಮೇಲೆ ಗಾಲಿ ಸರಿಯಿದೆಯೇ ಎಂದು ಎಲ್ಲಿಂದ ಅಳೆಯುವುದು? ಹಿಂದಿನ ಸಲ ನಾವು ಮೋಸಹೋದದ್ದು ಇಲ್ಲಿಯೂ ಹೌದು. ಅಜ್ಜನವರು ತೂತಿಗೆ ಸರಿಯಾಗಿ ಕೂರುವ ಮರದ ಬಿರಡೆ ಮಾಡಿ, ಅದರ ಮೇಲೆ ರೂಪಾಯಿ ಅಗಲದ ಹಿತ್ತಾಳೆ ಬಿಲ್ಲೆ ಕೂರಿಸಿ, ನಡುವೆ ಚುಕ್ಕೆ ಕುಟ್ಟಿದರು. ಬಿರಡೆ ಹಾಕಿದರೆ ನಡು ಮರಳಿ ಬಂತು. ಆ ಬಿರಡೆಯೂ ಕೋಲಿನ ಪಕ್ಕದಲ್ಲೇ ತೂಗುತ್ತಿದೆ, ಗಮನಿಸಿ.

ಕಬ್ಬಿಣದ ಪಟ್ಟಾ ಏರಿಸಿದ್ದನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಗಾಲಿಯ ಸುತ್ತಳತೆ ಹದಿನೈದು ಅಡಿ ಎಂಟೂವರೆ ಇಂಚು. ಪಟ್ಟಾ ಅದಕ್ಕಿಂತ ತುಸು ಚಿಕ್ಕದಾಗಿರಬೇಕು. ಕುಳ್ಳಿನ ಬೆಂಕಿಯಲ್ಲಿ ನಾನೂರು ಡಿಗ್ರಿಯಷ್ಟು ಕಾದರೆ ಅಷ್ಟುದ್ದದ ಕಬ್ಬಿಣ ಸುಮಾರು ಮುಕ್ಕಾಲರಿಂದ ಒಂದು ಇಂಚು ಹಿಗ್ಗುತ್ತದೆ. ಹಿಗ್ಗಿದಾಗ ಏರಿಸಿ ನೀರು ಸುರಿದರೆ ಕುಗ್ಗಿ ಹಲಗೆಗಳನ್ನೆಲ್ಲ ಅವುಚಿ ಹಿಡಿಯುತ್ತದೆ. ಗಾಲಿ ದುಂಡಗಿಲ್ಲದಿದ್ದರೆ ಈ ಹಿಡಿತವೂ ಎಲ್ಲ ಕಡೆ ಒಂದೇ ಸಮ ಬರುವುದಿಲ್ಲ.

ಕೊನೆಗೆ ಗಾಲಿಯನ್ನು ಅಚ್ಚಿಗೆ ಹಾಕಿ, ಅಂಚಿನ ಹತ್ತಿರ ಒಂದು ಮೊಳೆ ನಿಲ್ಲಿಸಿ ನಿಧಾನವಾಗಿ ತಿರುಗಿಸಿದೆವು. ಸುತ್ತಲೂ ಮೊಳೆಗೂ ಗಾಲಿಗೂ ನಡುವಿನ ಸಂದು ಒಂದು ಸೂತಿನಷ್ಟೂ ಬದಲಾಗಲಿಲ್ಲ. ಅಂದು ಗಾಲಿ ತಿರುಗಿಸಿದವನು ಪಾದ ಜಜ್ಜಿಕೊಂಡಿದ್ದ ಅದೇ ಹುಡುಗ. ಗೆರೆ ಎಳೆಯುವಾಗ ಪೆನ್ಸಿಲ್ ಕಡೆಯ ಪೆಟ್ಟಿಗೆ ಹಿಡಿದವನೂ ಅವನೇ. ಅವನ ತಾಯಿ ದೂರದಲ್ಲಿ ನಿಂತು ನೋಡುತ್ತಿದ್ದಳು.

ನಾಳೆ ಸಾಯಂಕಾಲ ತೇರು. ಹೊಸ ಗಾಲಿ ಹಗುರವಾಗಿ ಉರುಳುತ್ತದೆ, ಆದ್ದರಿಂದ ಇಳಿಜಾರಿನಲ್ಲಿ ಹಿಂದಿನ ಹಗ್ಗ ಹಿಡಿಯುವವರು ಹೆಚ್ಚು ಜನ ಬೇಕು. ಹೆಸರು ಕೊಡುವವರು ಇಂದು ರಾತ್ರಿ ಪ್ರಸಾದದ ನಂತರ ಕಚೇರಿಯಲ್ಲಿ ಕೊಡಿ. ಗಾಲಿಯಿಂದ ನಾಲ್ಕು ಅಡಿ ದೂರದಲ್ಲಿ ಸುಣ್ಣದ ಗೆರೆ ಹಾಕಿಸಿದ್ದೇವೆ, ತಾಯಂದಿರು ಮಕ್ಕಳನ್ನು ಅದರೊಳಗೆ ಬಿಡಬೇಡಿ. ಇನ್ನು ಕೈವಾರ. ಸುತ್ತಲಿನ ಯಾವ ಊರಿನವರಾದರೂ ತೇರಿನ ಗಾಲಿ ಮಾಡಿಸುವವರಿದ್ದರೆ ಉಗ್ರಾಣದ ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು, ಬಾಡಿಗೆಯಿಲ್ಲ. ಬಿಸಿಲಲ್ಲಿ ಇಡಬೇಡಿ, ಗೋಡೆಗೆ ಒರಗಿಸಬೇಡಿ, ತೂಗುಹಾಕಿ. ಬಿರಡೆಯನ್ನು ಮರೆಯದೆ ವಾಪಸು ತನ್ನಿ.